ಹಳೆಯ ಸ್ಪೋರ್ಟ್ಸ್ ಕಾರಿನ ನಿರ್ವಹಣೆ ಮತ್ತು ಮಿತವಾದ ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು ವರ್ಷ ದಾಟಿದ ಸ್ಪೋರ್ಟ್ಸ್ ಕಾರನ್ನು ಪುಣೆ, ಮುಂಬೈ ಅಥವಾ ಗೋವೆಯಲ್ಲಿ ಇಟ್ಟುಕೊಂಡು, ರಜೆಯಲ್ಲಿ ಲೋಣಾವಳದ ಕಡೆಗೋ ಹಬ್ಬಕ್ಕೆ ಬೆಳಗಾವಿ, ಧಾರವಾಡದ ಕಡೆಗೋ ಅದರಲ್ಲೇ ಹೊರಡಬೇಕೆಂದು ಬಯಸುವ ಕನ್ನಡಿಗರಿಗಾಗಿ ಈ ಪ್ರಶ್ನೋತ್ತರವನ್ನು ಬರೆದಿದೆ. ಸಾನ್ ಸ್ಟಾರ್ಮ್, ಫಿಯಟ್ ಪಾಲಿಯೊ 1.6, ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಇಲ್ಲಿಯೇ ಮಾರಾಟವಾದ ಕಾರುಗಳಿಗೂ ವಿದೇಶದಿಂದ ಬಂದ ಎರಡು ಸೀಟಿನ ಕಾರುಗಳಿಗೂ ಇದರಲ್ಲಿನ ಬಹುಪಾಲು ಅನ್ವಯಿಸುತ್ತದೆ. ಎಲ್ಲ ಉತ್ತರಗಳ ಹಿಂದಿರುವ ನಿಲುವು ಒಂದೇ: ಕಾರು ಕಾರ್ಖಾನೆಯಿಂದ ಹೊರಬಂದಾಗ ಹೇಗೆ ಓಡುತ್ತಿತ್ತೋ ಆ ಸ್ಥಿತಿಗೆ ಅದನ್ನು ಮೊದಲು ತರಬೇಕು, ಸುಧಾರಣೆಗೆ ಕೈ ಹಾಕುವುದು ಅದಾದ ಮೇಲೆ.

ಹಳೆಯ ಸ್ಪೋರ್ಟ್ಸ್ ಕಾರನ್ನು ಈಗಷ್ಟೇ ಕೊಂಡಿದ್ದೇನೆ. ಮೊದಲು ಯಾವ ಕೆಲಸ ಮಾಡಿಸಬೇಕು?

ಮೊದಲು ದ್ರವಗಳು, ಆಮೇಲೆ ರಬ್ಬರಿನ ಭಾಗಗಳು, ಆಮೇಲೆ ವೈರಿಂಗ್. ಹಿಂದಿನ ಮಾಲೀಕರು ಎಷ್ಟೇ ಒಳ್ಳೆಯವರಾಗಿದ್ದರೂ ಬಿಲ್ಲು ಸಿಗದ ಕೆಲಸವನ್ನು ಆಗದ ಕೆಲಸವೆಂದೇ ಲೆಕ್ಕ ಹಿಡಿಯಬೇಕು. ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿ, ಅಂದಿನ ದಿನಾಂಕವನ್ನೂ ಕಿಲೋಮೀಟರನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಲೆಕ್ಕವೆಲ್ಲ ಅಲ್ಲಿಂದ ಶುರುವಾಗುತ್ತದೆ. ಹಳೆಯ ಎಂಜಿನ್ ಆಯಿಲನ್ನು ಚರಂಡಿಗೆ ಬಿಡದೆ ಬಿಳಿ ಡಬ್ಬಿಯಲ್ಲಿ ಹಿಡಿದು ಬೆಳಕಿನಲ್ಲಿ ನೋಡಿ. ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೂಲಂಟ್ ಎಂಜಿನ್ ಆಯಿಲಿಗೆ ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲ್) ನೋಡಿಸಬೇಕು. ಬೆರಳಿಗೆ ಹಚ್ಚಿಕೊಂಡಾಗ ಲೋಹದ ಸಣ್ಣ ಚೂರುಗಳು ಮಿನುಗಿದರೆ ಬೇರಿಂಗುಗಳು ಸವೆಯುತ್ತಿವೆ ಎಂದು ತಿಳಿಯಬೇಕು. ಅಂಥ ಎಂಜಿನ್ನಿಗೆ ಸುಧಾರಣೆಯ ಹೆಸರಿನಲ್ಲಿ ಒಂದು ರೂಪಾಯಿ ಕೂಡ ಹಾಕಬಾರದು, ಮೊದಲು ಅದನ್ನು ಬಿಚ್ಚಿಸಬೇಕು.

ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದರೆ ಅದನ್ನು ಟೆನ್ಷನರ್ ಸಮೇತ, ಮತ್ತು ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಸೇರಿಸಿ ಬದಲಾಯಿಸಿ. ಕಾರು ಕಡಿಮೆ ಓಡಿದೆ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ, ಏಕೆಂದರೆ ನಿಂತ ಕಾರಿನಲ್ಲೂ ಬೆಲ್ಟಿಗೆ ವಯಸ್ಸಾಗುತ್ತದೆ. ಅನೇಕ ಎಂಜಿನ್ನುಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ವಾಲ್ವಿಗೆ ಬಡಿದು, ಕೆಲವು ಸಾವಿರದಲ್ಲಿ ಮುಗಿಯಬೇಕಿದ್ದ ಕೆಲಸ ಇಡೀ ಹೆಡ್ ಇಳಿಸುವ ಖರ್ಚಿಗೆ ಬೆಳೆಯುತ್ತದೆ.

ಪ್ರತಿಯೊಂದು ಮಾದರಿಗೂ ಅದರದೇ ಆದ ರೋಗ ಇರುತ್ತದೆ. ಅದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಮೊದಲ ಪೀಳಿಗೆಯ ಪೋರ್ಷೆ ಬಾಕ್ಸ್‌ಸ್ಟರ್‌ನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಇದಕ್ಕೆ ಹೆಸರಾದ ಉದಾಹರಣೆ. ಕ್ಲಚ್ ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಿದಾಗಲೇ ಅದನ್ನೂ ನೋಡಿಸಿಬಿಡುವುದು ಜಾಣತನ, ಎರಡನೇ ಸಲ ಇಳಿಸುವ ಕೂಲಿ ಉಳಿಯುತ್ತದೆ.

ದಪ್ಪನೆಯ ಎಂಜಿನ್ ಆಯಿಲ್ ಹಾಕಿದರೆ ಹಳೆಯ ಎಂಜಿನ್ನಿಗೆ ಒಳ್ಳೆಯದೆ?

ಮ್ಯಾನ್ಯುಯಲ್ ಹೇಳಿದ ದರ್ಜೆಯನ್ನೇ ಹಾಕಿ. ಎಂಜಿನ್ ಆಯಿಲ್ ಸುಡುತ್ತಿದೆ ಎಂಬ ಕಾರಣಕ್ಕೆ ದಪ್ಪ ಆಯಿಲಿಗೆ ಹೋಗುವುದು ರೋಗವನ್ನು ಮುಚ್ಚಿಡುವ ಕೆಲಸ. ವಾರಕ್ಕೊಮ್ಮೆ ಮಾತ್ರ ಓಡುವ ಕಾರಿನಲ್ಲಿ ಕಿಲೋಮೀಟರ್ ಎಷ್ಟೇ ಕಡಿಮೆಯಾದರೂ ವರ್ಷಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು.

ಮುಂಬೈ ಟ್ರಾಫಿಕ್ಕಿನಲ್ಲಿ ಎಂಜಿನ್ ಬಿಸಿಯಾಗುತ್ತದೆ. ಏನು ಕಾರಣ?

ಯಾವಾಗ ಬಿಸಿಯಾಗುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಮೇಲೇರಿ, ಓಡತೊಡಗಿದ ಕೂಡಲೇ ಇಳಿದರೆ ಫ್ಯಾನ್, ಅದರ ರಿಲೇ ಅಥವಾ ಅದರ ಸ್ವಿಚ್ಚನ್ನು ಅನುಮಾನಿಸಿ. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗವಾಗಿ ಸಾಗುವಾಗ, ಖಂಡಾಲಾ ಘಾಟ್ ಏರುವಾಗ ಬಿಸಿಯಾದರೆ ರೇಡಿಯೇಟರ್ ಒಳಗಿನಿಂದ ಕಟ್ಟಿಕೊಂಡಿದೆ ಅಥವಾ ವಾಟರ್ ಪಂಪ್ ಸೋತಿದೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ ಕಾರುಗಳಲ್ಲಿ ಸುಣ್ಣದ ಪದರ ಕೂತಿರುವುದು ಬಹಳ ಸಾಮಾನ್ಯ. ರೇಡಿಯೇಟರನ್ನು ತೆಗೆಸಿ ತೊಳೆಸಿ, ಡಿಸ್ಟಿಲ್ಡ್ ನೀರು ಮತ್ತು ಕೂಲಂಟನ್ನು ಸಮಪ್ರಮಾಣದಲ್ಲಿ ತುಂಬಿಸಿ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಿ.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಒಳಗಿನ ಒತ್ತಡವನ್ನು ಹಿಡಿದಿಡುವುದು ಅದೇ. ಒಂದು ಬಾರ್ ಒತ್ತಡ ತಡೆಯುವ ಮುಚ್ಚಳ ಸರಿಯಿದ್ದರೆ ಬರಿಯ ನೀರು ಕೂಡ 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಅದರ ರಬ್ಬರ್ ಸೀಲ್ ಒಡೆದಿದ್ದರೆ ಈ ಲಾಭವೆಲ್ಲ ಹೋಗುತ್ತದೆ. ಇನ್ನೊಂದು ಮಾತು: ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್) ತೆಗೆದು ಬಿಸಾಡಿ ಎಂದು ಸಲಹೆ ಕೊಡುವ ಮೆಕ್ಯಾನಿಕ್ಕುಗಳು ಈಗಲೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಸಿಲಿಂಡರಿನ ಗೋಡೆಗಳು ಬೇಗ ಸವೆಯುತ್ತವೆ.

ಘಾಟಿಗಳಲ್ಲಿ ಇಳಿಯುವಾಗ ಬ್ರೇಕ್ ಮೆತ್ತಗಾಗುತ್ತದೆ. ದೊಡ್ಡ ಡಿಸ್ಕ್ ಹಾಕಿಸಬೇಕೆ?

ಚೋರ್ಲಾ, ಆಂಬೋಲಿ, ತಾಮ್ಹಿಣಿ ಘಾಟಿಗಳನ್ನು ಇಳಿಯುವವರೆಲ್ಲ ಈ ಪ್ರಶ್ನೆ ಕೇಳುತ್ತಾರೆ, ಮತ್ತು ಹೆಚ್ಚಿನ ಸಲ ಉತ್ತರ ಡಿಸ್ಕಿನಲ್ಲಿರುವುದಿಲ್ಲ, ಬ್ರೇಕ್ ಆಯಿಲಿನಲ್ಲಿರುತ್ತದೆ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ಕ್ಕೆ ಇವೇ ಅಂಕಿಗಳು 205 ಮತ್ತು 140. ಕೊಂಕಣದ ಹವೆಯಲ್ಲಿ ನಾಲ್ಕಾರು ಮಳೆಗಾಲ ಕಳೆದ ಆಯಿಲ್ ಘಾಟಿಯ ಅರ್ಧದಲ್ಲಿ ಕುದಿದು ಗುಳ್ಳೆಯೆದ್ದರೆ ಪೆಡಲ್ ನೆಲ ಮುಟ್ಟುತ್ತದೆ.

ಹಾಗಾಗಿ ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ. ಬ್ಲೀಡ್ ಮಾಡಿಸುವಾಗ, ಅಂದರೆ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರತೆಗೆಸುವಾಗ, ಗ್ಯಾರೇಜಿನಲ್ಲಿ ನೀವೇ ಪಕ್ಕದಲ್ಲಿ ನಿಲ್ಲಿ. ಬ್ಲೀಡರ್ ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ಬರುವುದು ಕಂದು ಬಣ್ಣದ, ಕೆಲವೊಮ್ಮೆ ಕಪ್ಪು ಕಸ ತೇಲುವ ಆಯಿಲ್. ನಡುನಡುವೆ ಸಣ್ಣ ಗುಳ್ಳೆಗಳು ಸಾಗಿಬರುತ್ತವೆ. ತಿಳಿಹಳದಿ ಆಯಿಲ್ ಗುಳ್ಳೆಯಿಲ್ಲದೆ ಹರಿಯುವವರೆಗೂ ನಾಲ್ಕು ಚಕ್ರಗಳಲ್ಲೂ ಕೆಲಸ ಮುಂದುವರಿಯಬೇಕು, ಮತ್ತು ಈ ನಡುವೆ ಮೇಲಿನ ಡಬ್ಬಿ ಖಾಲಿಯಾಗಬಾರದು. ಕ್ಯಾಲಿಪರಿನ ಪಿಸ್ಟನ್ ಸೀಲುಗಳು, ರಬ್ಬರಿನ ಹೋಸ್‌ಗಳು, ಒಳ್ಳೆಯ ಕಂಪನಿಯ ಪ್ಯಾಡುಗಳು ಹೊಸತಾದ ಮೇಲೂ ಸಾಲದೆನಿಸಿದರೆ ಮಾತ್ರ ಸ್ಟೀಲ್ ಹೆಣಿಗೆಯ ಹೋಸ್‌ಗಳ ಬಗ್ಗೆ ಯೋಚಿಸಬಹುದು. ರೇಸಿಂಗ್ ಪ್ಯಾಡು ರಸ್ತೆಗೆ ಬೇಡ. ತಣ್ಣಗಿರುವಾಗ ಅದು ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಮನೆಯಿಂದ ಹೊರಟ ಮೊದಲ ತಿರುವಿನಲ್ಲೇ ಅಪಾಯ ಕಾದಿರುತ್ತದೆ. ಇಷ್ಟೆಲ್ಲ ಮಾಡಿದರೂ ಏರಿದ ಗೇರಿನಲ್ಲೇ ಇಳಿಯಬೇಕೆಂಬ ನಿಯಮವನ್ನು ಬಿಡಬಾರದು.

ಗೋವೆ, ಮುಂಬೈಯ ಉಪ್ಪುಗಾಳಿಯಲ್ಲಿ ತುಕ್ಕನ್ನು ತಡೆಯುವುದು ಹೇಗೆ?

ತುಕ್ಕು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಬಹಳ ದೂರ ಹೋಗಿರುತ್ತದೆ. ಕಾರ್ಪೆಟ್ಟನ್ನು ಎತ್ತಿ, ಚಾಲಕನ ಕಾಲಡಿಯ ತಗಡನ್ನು ಬೆರಳಿನಿಂದ ಒತ್ತಿ ನೋಡಿ; ಪೇಂಟ್ ಉಬ್ಬಿದ್ದರೆ ಅಥವಾ ಕರಕರ ಸದ್ದು ಬಂದರೆ ನೀರು ಎಲ್ಲಿಂದಲೋ ಒಳಗಿಳಿಯುತ್ತಿದೆ. ಬಾಗಿಲಿನ ಕೆಳ ಅಂಚಿನಲ್ಲಿ, ವಿಂಡ್‌ಸ್ಕ್ರೀನಿನ ಬುಡದಲ್ಲಿ, ಬಟ್ಟೆಯ ಛಾವಣಿ ಮಡಚುವ ಜಾಗದಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ತುಂಬಿ ಅವು ಮುಚ್ಚಿಕೊಂಡರೆ ನೀರು ಬಾಕ್ಸ್ ಸೆಕ್ಷನ್ನಿನೊಳಗೇ (ಬಾಡಿಯ ಟೊಳ್ಳು ಭಾಗಗಳಲ್ಲೇ) ನಿಲ್ಲುತ್ತದೆ. ಮಳೆಗಾಲಕ್ಕೆ ಮುಂಚೆ, ಅಂದರೆ ಮೇ ಕೊನೆಯಲ್ಲಿ, ಮೆತ್ತನೆಯ ಪ್ಲಾಸ್ಟಿಕ್ ತಂತಿಯಿಂದ ಅವನ್ನು ಬಿಡಿಸಿಕೊಳ್ಳುವುದು ಪೈಸೆ ಖರ್ಚಿಲ್ಲದ ಕೆಲಸ, ಮತ್ತು ಈ ಕರಾವಳಿಯಲ್ಲಿ ಕಾರಿನ ಆಯುಸ್ಸನ್ನು ಇದಕ್ಕಿಂತ ಹೆಚ್ಚಿಸುವ ಕೆಲಸ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ತುಕ್ಕಿನ ಮೇಲೆಯೇ ಅಂಡರ್‌ಬಾಡಿ ಕೋಟಿಂಗ್ ಬಳಿಸಬೇಡಿ. ಕಪ್ಪು ಪದರದ ಅಡಿಯಲ್ಲಿ ತೇವ ಸಿಕ್ಕಿಬಿದ್ದು ತಗಡು ಇನ್ನೂ ಬೇಗ ಕೊಳೆಯುತ್ತದೆ. ಮೊದಲು ಕೆರೆದು ಲೋಹ ಕಾಣಿಸಿ, ಪ್ರೈಮರ್ ಹಾಕಿಸಿ, ಆಮೇಲೆ ಕೋಟಿಂಗ್. ಒಳಗಿನ ಟೊಳ್ಳುಗಳಿಗೆ ಮೇಣದ ಸ್ಪ್ರೇ.

ಸಾನ್ ಸ್ಟಾರ್ಮ್‌ನ ಬಾಡಿ ಫೈಬರ್‌ಗ್ಲಾಸಿನದು. ಅದಕ್ಕೂ ತುಕ್ಕಿನ ಚಿಂತೆಯೆ?

ಬೆಂಗಳೂರು ಮೂಲದ ಸಾನ್ ಮೋಟಾರ್ಸ್ ಗೋವೆಯಲ್ಲಿ ತಯಾರಿಸಿದ ಈ ಪುಟ್ಟ ಕನ್ವರ್ಟಿಬಲ್ಲಿನ ಹೊರಮೈ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದರಡಿಯ ಉಕ್ಕಿನ ಚೌಕಟ್ಟು, ಸಸ್ಪೆನ್ಷನ್ನಿನ ಬೋಲ್ಟುಗಳು, ಬ್ರೇಕಿನ ಲೋಹದ ಪೈಪುಗಳು ಹಿಡಿಯುತ್ತವೆ, ಮತ್ತು ಹೊರಮೈ ಚೆನ್ನಾಗಿ ಕಾಣುವುದರಿಂದಲೇ ಅವುಗಳ ಕಡೆ ಯಾರೂ ನೋಡುವುದಿಲ್ಲ. ವರ್ಷಕ್ಕೊಮ್ಮೆ ಕಾರನ್ನು ರ‍್ಯಾಂಪಿಗೆ ಏರಿಸಿ ಟಾರ್ಚ್ ಹಿಡಿದು ನೋಡಬೇಕು. ಫೈಬರಿನ ಮೇಲೆ ನಕ್ಷತ್ರದಂತೆ ಕವಲೊಡೆದ ಸಣ್ಣ ಬಿರುಕುಗಳು ಕಂಡರೆ ಬರಿಯ ಪುಟ್ಟಿ ಮೆತ್ತಿ ಪೇಂಟ್ ಹೊಡೆಸಿ ಪ್ರಯೋಜನವಿಲ್ಲ. ಬಿರುಕನ್ನು ಬುಡದವರೆಗೆ ಕೊರೆದು ರೆಸಿನ್ನಿನಿಂದ ತುಂಬಬೇಕು. ಇಂಥ ಕೆಲಸಕ್ಕೆ ಡೆಂಟಿಂಗ್-ಪೇಂಟಿಂಗ್ ಅಂಗಡಿಗಿಂತ ದೋಣಿಗಳ ಫೈಬರ್ ಕೆಲಸ ಮಾಡುವ ಗೋವೆಯ ಕುಶಲಕರ್ಮಿಗಳೇ ಮೇಲು.

ಬಿಡಿಭಾಗಗಳು ಎಲ್ಲಿ ಸಿಗುತ್ತವೆ?

ಕಾರಿನ ಹೆಸರು ಹೇಳಿ ಕೇಳಿದರೆ ಅಂಗಡಿಯವರು ಇಲ್ಲ ಎನ್ನುತ್ತಾರೆ; ಎಂಜಿನ್ನಿನ ಹೆಸರು, ಪಾರ್ಟ್ ನಂಬರ್ ಹೇಳಿದರೆ ಸಿಗುತ್ತದೆ. ಸಾನ್ ಸ್ಟಾರ್ಮ್‌ನಲ್ಲಿರುವುದು ರೆನೊ ಕಂಪನಿಯ 1,149 ಸಿಸಿ ಎಂಜಿನ್. ಅದೇ ಎಂಜಿನ್ ಯುರೋಪಿನ ಕ್ಲಿಯೊ, ಟ್ವಿಂಗೊ ಕಾರುಗಳಲ್ಲಿಯೂ ಇದ್ದುದರಿಂದ ಅದರ ಬೆಲ್ಟು, ಫಿಲ್ಟರು, ಗ್ಯಾಸ್ಕೆಟ್ಟುಗಳನ್ನು ಆ ಹೆಸರಿನಲ್ಲಿ ತರಿಸಬಹುದು. ಪುಣೆಯಲ್ಲಿ ನಾನಾ ಪೇಠ್, ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ ಹುಡುಕಾಟ ಆರಂಭಿಸಲು ಸರಿಯಾದ ಜಾಗಗಳು. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಳತೆಗೆ ವರ್ನಿಯರ್ ಇದ್ದರೆ ಇನ್ನೂ ಒಳ್ಳೆಯದು. ಬೇರಿಂಗ್ ಮತ್ತು ಆಯಿಲ್ ಸೀಲುಗಳು ಅಳತೆಯ ಮೇಲೆ ಸಿಗುವ ವಸ್ತುಗಳು. ಕಾರಿನ ಕಂಪನಿಯ ಡಬ್ಬಿಯಲ್ಲೇ ಬರಬೇಕೆಂದಿಲ್ಲ. ಎಲ್ಲೂ ಸಿಗದ ಬುಷ್, ಸ್ಪೇಸರುಗಳನ್ನು ಭೋಸರಿಯ ಲೇತ್ ಅಂಗಡಿಗಳಲ್ಲಿ ಮಾಡಿಸಬಹುದು. ಊರಿಗೆ ಹೋಗುವ ದಾರಿಯಲ್ಲಿರುವವರಿಗೆ ಬೆಳಗಾವಿಯ ಉದ್ಯಮಬಾಗ ಕೂಡ ಇದೆ. ಬ್ರೇಕ್ ಮತ್ತು ಸ್ಟೀರಿಂಗಿನ ಭಾಗಗಳನ್ನು ಮಾತ್ರ ಗುಜರಿಯಿಂದ ತರಬೇಡಿ.

ಇ20 (ಶೇಕಡ 20 ಎಥನಾಲ್ ಬೆರೆಸಿದ) ಪೆಟ್ರೋಲಿನಿಂದ ಹಳೆಯ ಕಾರಿಗೆ ತೊಂದರೆಯಾಗುತ್ತದೆಯೆ?

ಆಗಬಹುದು, ಆದರೆ ಹೆದರಿ ಕಾರು ಮಾರುವಷ್ಟಲ್ಲ. ಎಥನಾಲಿನಲ್ಲಿ ಶಕ್ತಿಯ ಪ್ರಮಾಣ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ನಿಶ್ಚಿತ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5 ಸಾಕು. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಕಾರು ಒಂದು ಮಿತಿಯವರೆಗೆ ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಕಾರಿಗೆ ಆ ಶಕ್ತಿಯಿಲ್ಲ. ಜೆಟ್ (ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಬದಲಾಯಿಸದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತದೆ, ಎಳೆತ ತಗ್ಗುತ್ತದೆ. ಇದಕ್ಕಿಂತ ಗಂಭೀರವಾದದ್ದು ಹಳೆಯ ರಬ್ಬರ್ ಪೈಪುಗಳ ವಿಷಯ. ಎಥನಾಲ್ ಅವನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಮತ್ತು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದೆಂದರೆ ಬೆಂಕಿಯೇ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಎಲ್ಲ ಪೈಪುಗಳನ್ನೂ ಎಥನಾಲ್ ತಾಳುವ ಎಸ್‌ಎಇ 30ಆರ್9 ದರ್ಜೆಯವಕ್ಕೆ ಬದಲಾಯಿಸಿ, ಕ್ಲಿಪ್ಪುಗಳನ್ನೂ ಹೊಸದಾಗಿ ಹಾಕಿಸಿ. ನನ್ನ ಎಣಿಕೆಯಲ್ಲಿ ಇದು ಈ ಹೊತ್ತಿನ ಎಲ್ಲಕ್ಕಿಂತ ಅಗತ್ಯವಾದ ಸುಧಾರಣೆ.

ರಾತ್ರಿ ಹೆಡ್‌ಲೈಟ್ ಮಂಕಾಗಿದೆ. ಹೆಚ್ಚು ವಾಟಿನ ಬಲ್ಬು ಅಥವಾ ಎಲ್‌ಇಡಿ ಹಾಕಿಸಲೆ?

ಎರಡೂ ಬೇಡ. ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕ, ಸಪೂರ ವೈರುಗಳಲ್ಲಿ ಸುತ್ತಿಬರುತ್ತದೆ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನಲ್ಲಿ ಮೊದಲು ಬ್ಯಾಟರಿಯ ಬಳಿ, ಆಮೇಲೆ ಉರಿಯುತ್ತಿರುವ ಬಲ್ಬಿನ ಹಿಂದೆ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನಲ್ಲಿ 12.2 ಮಾತ್ರ ಇದ್ದರೆ ಹ್ಯಾಲೊಜನ್ ಬಲ್ಬಿನ ಬೆಳಕಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ದಾರಿಯಲ್ಲೇ ಕಳೆದುಹೋಗಿದೆ, ಏಕೆಂದರೆ ವೋಲ್ಟೇಜ್ ಇಳಿದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಬೆಳಕು ಇಳಿಯುತ್ತದೆ. ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ವೈರ್ ಎಳೆದು ಎರಡು ರಿಲೇ ಹಾಕಿಸಿ, ಹಳೆಯ ಸ್ವಿಚ್ಚು ರಿಲೇಯನ್ನಷ್ಟೇ ಚಾಲೂ ಮಾಡುವಂತೆ ಜೋಡಿಸಿದರೆ ಕಂಪನಿಯ 60/55 ವಾಟಿನ ಬಲ್ಬೇ ಸಾಕಾಗುತ್ತದೆ. ಹೆಚ್ಚು ವಾಟಿನ ಬಲ್ಬು ಹೋಲ್ಡರನ್ನು ಕರಗಿಸುತ್ತದೆ. ಹ್ಯಾಲೊಜನ್ನಿಗಾಗಿ ಮಾಡಿದ ರಿಫ್ಲೆಕ್ಟರಿನಲ್ಲಿ ಅಗ್ಗದ ಎಲ್‌ಇಡಿ ಎದುರಿನವರ ಕಣ್ಣು ಕುಕ್ಕುತ್ತದೆಯೇ ಹೊರತು ರಸ್ತೆಯನ್ನು ಬೆಳಗುವುದಿಲ್ಲ.

ಟೈರ್ ಮತ್ತು ವೀಲ್ ಎಷ್ಟರ ಮಟ್ಟಿಗೆ ದೊಡ್ಡದು ಮಾಡಬಹುದು?

ಮೊದಲು ಈಗಿರುವ ಟೈರಿನ ವಯಸ್ಸು ನೋಡಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೈಮೇಲಿನ ಕಚ್ಚುಗಳು ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಒದ್ದೆ ರಸ್ತೆಯಲ್ಲಿ ಅದಕ್ಕೆ ಹಿಡಿತವಿರುವುದಿಲ್ಲ. ಅಳತೆ ಬದಲಾಯಿಸುವಾಗ ಒಟ್ಟು ವ್ಯಾಸ ಮೂಲಕ್ಕಿಂತ ಶೇಕಡ 3ಕ್ಕಿಂತ ಹೆಚ್ಚು ಬದಲಾಗಬಾರದು. 175/70 ಆರ್13 ಟೈರಿನ ವ್ಯಾಸ 575.2 ಮಿಲಿಮೀಟರ್, ಅದರ ಬದಲು 185/60 ಆರ್14 ಹಾಕಿದರೆ 577.6. ವ್ಯತ್ಯಾಸ ಮೂರು ಮಿಲಿಮೀಟರೂ ಇಲ್ಲ, ಸ್ಪೀಡೋಮೀಟರ್ ಸರಿಯಾಗಿಯೇ ಇರುತ್ತದೆ, ತಿರುವಿನಲ್ಲಿ ಕಾರು ಇನ್ನಷ್ಟು ನೇರವಾಗಿ ಸ್ಪಂದಿಸುತ್ತದೆ. ಅದಕ್ಕಿಂತ ಮುಂದೆ ಹೋಗಿ ತೆಳುವಾದ ಟೈರ್ ಹಾಕಿಸಿದರೆ ಮಳೆಗಾಲದ ಗುಂಡಿಗಳಲ್ಲಿ ಅಲಾಯ್ ಬಿರುಕು ಬಿಡುತ್ತದೆ.

ಸಸ್ಪೆನ್ಷನ್ ತಗ್ಗಿಸಬಹುದೆ?

ಪುಣೆಯ ಹೌಸಿಂಗ್ ಸೊಸೈಟಿಗಳ ಸ್ಪೀಡ್‌ಬ್ರೇಕರುಗಳನ್ನು ಬಲ್ಲವರು ಈ ಆಸೆ ಬಿಡುವುದು ಒಳ್ಳೆಯದು. ಹೊಸ ಶಾಕ್ ಅಬ್ಸಾರ್ಬರುಗಳು, ಹೊಸ ರಬ್ಬರ್ ಬುಷ್‌ಗಳು, ಆಮೇಲೆ ವೀಲ್ ಅಲೈನ್‌ಮೆಂಟ್. ಇಷ್ಟರಿಂದಲೇ ಕಾರು ಎಷ್ಟು ಬದಲಾಗುತ್ತದೆ ಎಂಬುದನ್ನು ನೋಡಿದ ಮೇಲೆ ಬಹಳ ಜನ ಮುಂದಿನ ಖರ್ಚನ್ನೇ ಕೈಬಿಡುತ್ತಾರೆ. ಪಾಲಿಯುರೆಥೇನ್ ಬುಷ್ ಬಾಳಿಕೆ ಬರುತ್ತದೆ, ಆದರೆ ರಸ್ತೆಯ ಸದ್ದನ್ನೆಲ್ಲ ಒಳಗೆ ತರುತ್ತದೆ.

ಎಂಜಿನ್ನಿನ ಶಕ್ತಿ ಹೆಚ್ಚಿಸುವ ಬಗ್ಗೆ ಏನು ಹೇಳುತ್ತೀರಿ?

ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ ಮಾಡಿಸಿ. ಸಿಲಿಂಡರುಗಳ ನಡುವೆ ಶೇಕಡ 15ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮುಂದಿನ ಮಾತೇ ಬೇಡ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಫಿಲ್ಟರ್, ಎಕ್ಸಾಸ್ಟ್ ಬದಲಾಯಿಸಿದರೆ ಸಿಗುವುದು ಮುಖ್ಯವಾಗಿ ಸದ್ದು. ಬೆರಳೆಣಿಕೆಯ ಕುದುರೆಶಕ್ತಿ ಹೆಚ್ಚಿದರೆ ಅದೇ ದೊಡ್ಡದು. ಅದೇ ಹಣದಲ್ಲಿ ಹೊಸ ಪ್ಲಗ್ಗು, ಪ್ಲಗ್ ವೈರು, ತೊಳೆಸಿದ ಇಂಜೆಕ್ಟರುಗಳು, ಹೊಸ ಆಕ್ಸಿಜನ್ ಸೆನ್ಸರ್ ಹಾಕಿಸಿದರೆ ವರ್ಷಗಳಲ್ಲಿ ಸೋರಿಹೋದ ಶಕ್ತಿಯೇ ಮರಳಿ ಬರುತ್ತದೆ. ಆಕ್ಟೇವಿಯಾ ಆರ್‌ಎಸ್‌ನ 1.8 ಲೀಟರ್ ಟರ್ಬೊ ಎಂಜಿನ್ನಿಗೆ ಇಸಿಯು ರಿಮ್ಯಾಪ್‌ನಿಂದ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸುವುದರಿಂದ) ನಿಜವಾದ ಲಾಭವಿದೆ. ಆದರೆ ಇಪ್ಪತ್ತು ವರ್ಷದ ವ್ಯಾಕ್ಯೂಮ್ ಹೋಸ್‌ಗಳು, ಸೋರುವ ಬೂಸ್ಟ್ ಪೈಪುಗಳು, ಸವೆದ ಕ್ಲಚ್ ಪ್ಲೇಟ್ ಹೊಸತಾಗದೆ ಬೂಸ್ಟ್ ಏರಿಸಿದರೆ ಮೊದಲು ಸೋಲುವುದು ಅವೇ.

ಇಂಥ ಬದಲಾವಣೆಗಳಿಗೆ ಕಾನೂನಿನ ಅಡ್ಡಿ ಇದೆಯೆ? ಆರ್‌ಸಿ ಅವಧಿ ಮುಗಿದರೆ ಏನು ಮಾಡಬೇಕು?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಬ್ರೇಕ್ ಪ್ಯಾಡು, ಶಾಕ್ ಅಬ್ಸಾರ್ಬರುಗಳಂಥ ಸವೆಯುವ ಭಾಗಗಳನ್ನು ಬದಲಾಯಿಸುವುದು ನಿರ್ವಹಣೆ. ಎಂಜಿನ್ ಬದಲಾವಣೆಗೆ, ಬಣ್ಣ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಳೆಯ ಪೆಟ್ರೋಲ್ ಕಾರುಗಳ ಮೇಲೆ ದೆಹಲಿ ಪ್ರದೇಶದಲ್ಲಿರುವ ನಿಷೇಧ ಮಹಾರಾಷ್ಟ್ರಕ್ಕಾಗಲಿ ಗೋವೆಗಾಗಲಿ ಅನ್ವಯಿಸುವುದಿಲ್ಲ. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ ₹5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು ₹10,000ಕ್ಕೆ, ಆಮದಾದವಕ್ಕೆ ₹80,000ಕ್ಕೆ ಏರಿಸಲಾಯಿತು. ಮಹಾರಾಷ್ಟ್ರದಲ್ಲಿ ಇದರ ಜೊತೆಗೆ ಪರಿಸರ ತೆರಿಗೆಯೂ ಇದೆ. ಅವಧಿ ಮುಗಿಯುವ 60 ದಿನ ಮುಂಚಿನಿಂದ ಫಾರ್ಮ್ 25ರಲ್ಲಿ ಅರ್ಜಿ ಹಾಕಬಹುದು.

ಕೆಎ ನಂಬರಿನ ಕಾರನ್ನು ಊರಿನಿಂದ ತಂದವರು ಒಂದು ವಿಷಯ ಗಮನಿಸಬೇಕು: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಕಾರು ಉಳಿದರೆ ಅಲ್ಲಿನ ನಂಬರ್ ಪಡೆಯಬೇಕು, ಅದಕ್ಕೆ ಊರಿನ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು. ನೋಂದಣಿ ಮುಗಿಯಲು ಕೆಲವೇ ತಿಂಗಳಿದ್ದರೆ ಎರಡೂ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಮೊದಲೇ ವಿಚಾರಿಸಿಕೊಳ್ಳಿ.

ಮಳೆಗಾಲದ ನಾಲ್ಕು ತಿಂಗಳು ಕಾರು ನಿಲ್ಲಿಸಿಡುವುದು ಹೇಗೆ?

ಸಾಧ್ಯವಾದರೆ ಪೂರ್ತಿ ನಿಲ್ಲಿಸಬೇಡಿ. ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟ ಹೊತ್ತಿನಲ್ಲಿ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿ ಆರಿಸುವುದರಿಂದ ಸೈಲೆನ್ಸರಿನಲ್ಲಿ ನೀರು ತುಂಬುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಟ್ಯಾಂಕ್ ತುಂಬಿಸಿಡಿ. ಹ್ಯಾಂಡ್‌ಬ್ರೇಕ್ ಎಳೆದಿಡದೆ ಚಕ್ರಕ್ಕೆ ಕಲ್ಲು ಕೊಡಿ, ಇಲ್ಲವಾದರೆ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಬ್ಯಾಟರಿ ವೋಲ್ಟೇಜ್ 12.4ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಪ್ಲಾಸ್ಟಿಕ್ ಹೊದಿಕೆ ತೇವ ಹಿಡಿದಿಡುತ್ತದೆ, ಗಾಳಿಯಾಡುವ ಬಟ್ಟೆಯದೇ ಬೇಕು. ಬಟ್ಟೆಯ ಛಾವಣಿಯನ್ನು ಒದ್ದೆಯಿರುವಾಗ ಎಂದಿಗೂ ಮಡಚಬೇಡಿ. ಬಾನೆಟ್ಟಿನಡಿ ಇಲಿಗಳು ಬೆಚ್ಚಗೆ ಮನೆ ಮಾಡಿಕೊಂಡು ವೈರ್ ಕಡಿಯುವ ಕಾಲವೂ ಇದೇ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

ವಿಮೆಯ ವಿಷಯದಲ್ಲಿ ಏನನ್ನು ಗಮನಿಸಬೇಕು?

ಐದು ವರ್ಷ ದಾಟಿದ ಕಾರಿನ ಘೋಷಿತ ಮೌಲ್ಯವನ್ನು (ಐಡಿವಿ, ಅಂದರೆ ವಿಮೆಗಾಗಿ ಕಾರಿಗೆ ಕಟ್ಟುವ ಬೆಲೆಯನ್ನು) ವಿಮಾ ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳಬೇಕಾಗುತ್ತದೆ. ಅವರು ಮೊದಲು ಹೇಳುವ ಕಡಿಮೆ ಮೊತ್ತಕ್ಕೆ ತಲೆಯಾಡಿಸದೆ, ಕಾರಿನ ಫೋಟೊಗಳನ್ನೂ ಮಾಡಿಸಿದ ಕೆಲಸದ ಬಿಲ್ಲುಗಳನ್ನೂ ಮುಂದಿಟ್ಟು ಕೇಳಿ. ಅಲಾಯ್ ವೀಲ್, ರಿಮ್ಯಾಪ್ ಮುಂತಾಗಿ ಏನೇ ಮಾಡಿಸಿದ್ದರೂ ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ನಮೂದಾಗಿದೆಯೇ ಎಂದು ಓದಿ ನೋಡಿ. ತಿಳಿಸದೆ ಬಿಟ್ಟ ಬದಲಾವಣೆಯೊಂದು ಅಪಘಾತದ ನಂತರ ಸರ್ವೇಯರ್ ಕಣ್ಣಿಗೆ ಬಿದ್ದರೆ, ಕ್ಲೇಮ್ ಕಡಿತವಾಗಬಹುದು ಅಥವಾ ತಿರಸ್ಕಾರವಾಗಬಹುದು.